ಆಷಾಢದಲ್ಲಿ ಹೊರಟ ಹಡಗುಗಳು

ಕಳೆದ ಡಿಸೆಂಬರಿನಲ್ಲಿ ಹತ್ತು ದಿನ ಅಘನಾಶಿನಿ ನದಿ ಸಮುದ್ರ ಸೇರುವ ಜಾಗದ ಹತ್ತಿರದ ಹಳ್ಳಿಯೊಂದರಲ್ಲಿದ್ದೆ. ಅದೊಂದು ಕಲಾವಿದರ ರೆಸಿಡೆನ್ಸಿ. ಬೇರೆ ಬೇರೆ ಊರಿನ ಏಳೆಂಟು ಜನ ಒಂದೇ ಮನೆಯಲ್ಲಿ ಉಂಡು ಮಲಗಿ, ಒಂದೇ ವಿಷಯದ ಸುತ್ತ ತಮ್ಮ ತಮ್ಮ ಕೆಲಸ ಮಾಡಬೇಕು. ವಿಷಯ ಹಡಗು, ಪರಿಸರ ಮತ್ತು ದತ್ತಾಂಶ. ಒಬ್ಬರು ನೀರಿನೊಳಗೆ ಮೈಕ್ ಇಳಿಬಿಟ್ಟು ಬೋಟಿನ ಇಂಜಿನ್ ಸದ್ದು ಹಿಡಿಯುತ್ತಿದ್ದರು. ಇನ್ನೊಬ್ಬರು ಇಳಿತದ ಹೊತ್ತಿಗೆ ಬಳಚು ಹೆಕ್ಕುವ ಹೆಂಗಸರ ಜೊತೆ ಕೆಸರಿಗಿಳಿದು, ದಿನಕ್ಕೆ ಎಷ್ಟು ಬುಟ್ಟಿ ಎಂದು ಬರೆದಿಟ್ಟುಕೊಂಡು ಅದನ್ನು ಬಟ್ಟೆಯ ಮೇಲೆ ಕಸೂತಿಯಾಗಿ ಹೊಲಿಯುತ್ತಿದ್ದರು. ನಾನು ಕಲಾವಿದೆಯಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕುಮಟಾ ಮತ್ತು ಕಾರವಾರ ಬಂದರುಗಳಿಂದ ನಡೆದ ಹತ್ತಿ ವ್ಯಾಪಾರದ ಬಗ್ಗೆ ಪಿಎಚ್‌ಡಿ ಮಾಡುತ್ತಿರುವುದರಿಂದ ನನ್ನನ್ನು ಕರೆದಿದ್ದರು.

ಬರಿಗೈಯಲ್ಲಿ ಹೋಗಬಾರದೆಂದು ಒಂದು ನಕ್ಷೆ ಮಾಡಿಕೊಂಡು ಹೋಗಿದ್ದೆ. ಹಳೆಯ ಆಡಳಿತ ವರದಿಗಳಿಂದ ಕುಮಟೆಯ ಹತ್ತಿ ರಫ್ತಿನ ವಾರ್ಷಿಕ ಅಂಕಿಗಳನ್ನು ಎತ್ತಿಕೊಂಡು, ಗೆಳೆಯನೊಬ್ಬನ ಸಹಾಯದಿಂದ ಅದನ್ನು ಚಲಿಸುವ ಚಿತ್ರ ಮಾಡಿಸಿದ್ದೆ. ಕಪ್ಪು ಪರದೆಯ ಮೇಲೆ ಕರಾವಳಿಯ ಗೆರೆ, ಕುಮಟೆಯಿಂದ ಮುಂಬಯಿಯತ್ತ ಸಾಲಾಗಿ ಹರಿಯುವ ಬಿಳಿ ಚುಕ್ಕೆಗಳು. ನಾಲ್ಕನೆಯ ಸಂಜೆ ಸುಣ್ಣ ಬಳಿದ ಗೋಡೆಯ ಮೇಲೆ ಅದನ್ನು ತೋರಿಸಿದೆವು. ನೋಡಲು ಚಂದವಿತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳು ಬಂದಾಗ ಚುಕ್ಕೆಗಳು ಒತ್ತಾಗಿ ಹಾಲಿನ ಧಾರೆಯ ಹಾಗೆ ಕಂಡವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಿಂದಿನ ಬೆಂಚಿನಲ್ಲಿ, ನಾವು ಉಳಿದುಕೊಂಡಿದ್ದ ಮನೆಯ ಅಜ್ಜ ಕೂತಿದ್ದರು. ಎಂಬತ್ತು ದಾಟಿದವರು. ಹುಡುಗರಿದ್ದಾಗ ಹಾಯಿ ಮಚ್ವೆಯಲ್ಲಿ ಖಲಾಸಿಯಾಗಿ, ಆಮೇಲೆ ತಾಂಡೇಲರಾಗಿ ಹೆಂಚು, ಕಟ್ಟಿಗೆ ಹೇರಿಕೊಂಡು ಮುಂಬಯಿಗೆ ಹೋಗಿಬರುತ್ತಿದ್ದವರು.

"ತಂಗಿ, ಈಗ ಓಡ್ತಾ ಇದ್ಯಲ್ಲ, ಇದು ಯಾವ ತಿಂಗಳು?" ಎಂದರು.

ಪರದೆಯ ಮೂಲೆ ನೋಡಿ, "ಜುಲೈ, ಅಜ್ಜ" ಎಂದೆ.

"ಅಂದ್ರೆ ಆಷಾಢ. ಆಷಾಢದಲ್ಲಿ ಕುಮಟೆಯಿಂದ ಮಚ್ವೆ ಬಿಟ್ಟ ಪುಣ್ಯಾತ್ಮ ಯಾರು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಆಗಿದ್ದು ಇಷ್ಟೇ. ವರದಿಗಳಲ್ಲಿದ್ದದ್ದು ವರ್ಷದ ಮೊತ್ತ. ಚಿತ್ರಕ್ಕೆ ಬೇಕಾದದ್ದು ದಿನದಿನದ ಓಟ. ನಾವು ಮೊತ್ತವನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿದ್ದೆವು. ಕೂಡಿ ನೋಡಿದರೆ ವರದಿಯ ಅಂಕಿಯೇ ಬರುತ್ತಿತ್ತು, ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಈ ಕರಾವಳಿಯ ಹಾಯಿದೋಣಿಗಳು ದಡಕ್ಕೇರಿ ಮಡಲಿನ ಮರೆಯಲ್ಲಿ ಮಲಗಿರುತ್ತಿದ್ದವು. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಮತ್ತೆ ನೀರಿಗಿಳಿಯುವುದು. ನಾನು ಹುಟ್ಟಿ ಬೆಳೆದದ್ದೂ ಇದೇ ಜಿಲ್ಲೆಯಲ್ಲಿ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಹೇಗೆ ಮರೆತೆ ಎಂಬುದೇ ನನ್ನನ್ನು ಕಾಡಿದ್ದು. ಹಡಗುಗಳನ್ನು ಎಣಿಸಿ ಚಿತ್ರ ಬರೆಯುವ ಕೆಲಸಕ್ಕೆ ದೊಡ್ಡ ಚರಿತ್ರೆಯೇ ಇದೆ. ನನ್ನ ತಪ್ಪಿಗೂ ಆ ಚರಿತ್ರೆಯಲ್ಲಿ ಹಿರಿಯರಿದ್ದಾರೆಯೇ ಎಂದು ಹುಡುಕುತ್ತಾ ಹೋದೆ.

*

ಇಂಥ ಚಿತ್ರಗಳಲ್ಲಿ ಬಹಳ ಹೆಸರಾದದ್ದು 'ಬ್ರೂಕ್ಸ್' ಎಂಬ ಇಂಗ್ಲಿಷ್ ಗುಲಾಮಿ ಹಡಗಿನದು. 1788ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ, ಹಡಗಿನ ಗಾತ್ರಕ್ಕೆ ತಕ್ಕಂತೆ ಇಷ್ಟೇ ಗುಲಾಮರನ್ನು ತುಂಬಬಹುದೆಂದು ಮಿತಿ ಹಾಕಿತು. ಆ ಲೆಕ್ಕದ ಪ್ರಕಾರ ಬ್ರೂಕ್ಸ್ 454 ಜನರನ್ನು ಒಯ್ಯಬಹುದಿತ್ತು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು ಮಾಡಿದ್ದು ಸರಳ ಕೆಲಸ. ಕಾನೂನು ಒಪ್ಪುವಷ್ಟು ಜನರನ್ನು ಆ ಅಟ್ಟಗಳಲ್ಲಿ ಮಲಗಿಸಿದರೆ ಹೇಗಿರುತ್ತದೆ ಎಂದು ಒಂದೊಂದೇ ದೇಹವನ್ನು ಬಿಡಿಸಿ ಅಚ್ಚು ಹಾಕಿದರು. ಅಂಕಿ ಸರ್ಕಾರದ್ದೇ. ಆದರೆ ಪ್ರತಿ ಅಂಕಿಗೂ ತಲೆ, ಎರಡು ಕಾಲು ಬಂದಿತ್ತು. ಆ ಹಾಳೆ ಇಂಗ್ಲೆಂಡಿನ ಮನೆಮನೆಯ ಗೋಡೆ ಸೇರಿ ಜನರ ಮನಸ್ಸು ಕಲಕಿತು. ಎಣಿಕೆಯ ಘಟಕ ಯಾವುದು ಎಂಬ ಪ್ರಶ್ನೆಗೆ ಅವರ ಉತ್ತರ ಸ್ಪಷ್ಟವಾಗಿತ್ತು: ಒಬ್ಬ ಮನುಷ್ಯ.

ಅರ್ಧ ಶತಮಾನದ ನಂತರ ಅಮೆರಿಕದ ನೌಕಾಪಡೆಯ ಅಧಿಕಾರಿ ಮ್ಯಾಥ್ಯೂ ಫಾಂಟೇನ್ ಮೋರಿ ಇನ್ನೊಂದು ಬಗೆಯ ಎಣಿಕೆ ಶುರು ಮಾಡಿದ. 1839ರಲ್ಲಿ ಕುದುರೆಗಾಡಿ ಉರುಳಿ ಕಾಲು ಮುರಿದುಕೊಂಡವನಿಗೆ ಮತ್ತೆ ಹಡಗು ಹತ್ತುವ ಯೋಗವಿರಲಿಲ್ಲ. 1842ರಲ್ಲಿ ಅವನನ್ನು ವಾಷಿಂಗ್ಟನ್ನಿನ ನಕ್ಷೆ ಮತ್ತು ಉಪಕರಣಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಹಳೆಯ ಹಡಗುಗಳ ದಿನಚರಿ ಪುಸ್ತಕಗಳು ರಾಶಿ ಬಿದ್ದಿದ್ದವು. ಯಾವ ದಿನ, ಯಾವ ಅಕ್ಷಾಂಶ, ಗಾಳಿ ಎತ್ತಣಿಂದ, ನೀರಿನ ಸೆಳೆತ ಎತ್ತ ಎಂದು ಕಪ್ತಾನರು ಬರೆದಿಟ್ಟ ಪುಟಗಳು. ಎಲ್ಲರೂ ಹಳೆ ಕಾಗದ ಎಂದುಕೊಂಡದ್ದನ್ನು ಮೋರಿ ಬಿಡಿಸಿ ಓದಿ, 1847ರಿಂದ ಗಾಳಿ ಮತ್ತು ಪ್ರವಾಹಗಳ ನಕ್ಷೆಗಳನ್ನು ಪ್ರಕಟಿಸಿದ. ನಕ್ಷೆ ಕಪ್ತಾನರಿಗೆ ಉಚಿತ, ಬದಲಿಗೆ ಅವರು ತಮ್ಮ ದಿನಚರಿಯನ್ನು ಅವನು ಹೇಳಿದ ಮಾದರಿಯಲ್ಲಿ ಬರೆದು ಕಳಿಸಬೇಕು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಸೇರಿ, ಸಮುದ್ರದ ಹವಾಮಾನವನ್ನು ಒಂದೇ ರೀತಿಯಲ್ಲಿ ದಾಖಲಿಸಲು ಒಪ್ಪಿದರು. ಜಗತ್ತಿನ ಹಡಗುಗಳೆಲ್ಲ ಒಂದೇ ಕೋಷ್ಟಕ ತುಂಬುವ ಪದ್ಧತಿಗೆ ಅಡಿಪಾಯ ಬಿದ್ದದ್ದು ಅಲ್ಲಿ.

ಮೋರಿಯ ನಕ್ಷೆಗಳಲ್ಲಿ ನಾನು ಗಮನಿಸಿದ್ದು ಅವನು ತಿಂಗಳುಗಳನ್ನು ಬಿಟ್ಟುಕೊಡದಿದ್ದದ್ದನ್ನು. ಯಾವ ತಿಂಗಳಲ್ಲಿ ಎಲ್ಲಿ ಗಾಳಿ ಎತ್ತಣದು ಎಂಬುದೇ ಅವನ ಪ್ರಶ್ನೆ. ಋತುವನ್ನು ಕಳೆದರೆ ಅವನ ನಕ್ಷೆಗೆ ಬೆಲೆಯೇ ಇಲ್ಲ. ಅವನು 1851ರಲ್ಲಿ ಒಂದು ತಿಮಿಂಗಿಲ ನಕ್ಷೆಯನ್ನೂ ಪ್ರಕಟಿಸಿದ. ಬೇಟೆಯ ಹಡಗುಗಳ ದಿನಚರಿಗಳಿಂದ ಯಾವ ಭಾಗದಲ್ಲಿ ಯಾವ ಜಾತಿಯ ತಿಮಿಂಗಿಲ ಕಂಡಿತು ಎಂದು ಎತ್ತಿ ಗುರುತಿಸಿದ ಚಿತ್ರ. ಉದ್ದೇಶ ಬೇಟೆಗಾರರಿಗೆ ದಾರಿ ತೋರಿಸುವುದು.

ದತ್ತಾಂಶ ತನ್ನ ಯಜಮಾನನ ಮಾತನ್ನೇ ಯಾವಾಗಲೂ ಕೇಳಿಕೊಂಡಿರುವುದಿಲ್ಲ. 1935ರಲ್ಲಿ ಚಾರ್ಲ್ಸ್ ಟೌನ್ಸೆಂಡ್ ಎಂಬ ಪ್ರಾಣಿಶಾಸ್ತ್ರಜ್ಞ ಅಂಥದೇ ದಿನಚರಿಗಳನ್ನು ಮತ್ತೆ ಬಿಡಿಸಿದ. ಅಮೆರಿಕದ ಬೇಟೆ ಹಡಗುಗಳ 1,600ಕ್ಕೂ ಹೆಚ್ಚು ಯಾತ್ರೆಗಳಲ್ಲಿ ಕೊಲ್ಲಲಾದ 50,000ಕ್ಕೂ ಹೆಚ್ಚು ತಿಮಿಂಗಿಲಗಳನ್ನು ಒಂದೊಂದು ಚುಕ್ಕೆಯಾಗಿ, ತಿಂಗಳಿಗೊಂದು ಬಣ್ಣ ಕೊಟ್ಟು ಭೂಪಟದ ಮೇಲೆ ಇಟ್ಟ. ಮೊದಲ ನೋಟಕ್ಕೆ ರಂಗೋಲಿ ಎನ್ನಬಹುದು. ಪ್ರತಿ ಚುಕ್ಕೆಯೂ ಒಂದು ಸಾವು ಎಂದು ತಿಳಿದ ಮೇಲೆ ನೋಟ ಬದಲಾಗುತ್ತದೆ. ಸಮುದ್ರದಲ್ಲಿ ಒಮ್ಮೆ ತಿಮಿಂಗಿಲಗಳು ಎಲ್ಲೆಲ್ಲಿ ಇದ್ದವು ಎಂದು ತಿಳಿಯಲು ವಿಜ್ಞಾನಿಗಳು ಇಂದಿಗೂ ಆ ನಕ್ಷೆಗಳಿಗೆ ಹೋಗುತ್ತಾರೆ. ಕೊಂದವರ ಕೈಬರಹವೇ ಕೊಲೆಯಾದವರ ವಿಳಾಸವಾಗಿ ಉಳಿದಿದೆ.

*

ಈಗ ನನ್ನ ತಪ್ಪಿನ ನಿಜವಾದ ಹಿರಿಯನ ಬಳಿಗೆ ಬರುತ್ತೇನೆ. ಶಾರ್ಲ್ ಜೋಸೆಫ್ ಮಿನಾರ್ ಫ್ರಾನ್ಸಿನ ಸಿವಿಲ್ ಇಂಜಿನಿಯರ್. ನಿವೃತ್ತಿಯ ಆಸುಪಾಸಿನಲ್ಲಿ ಹಿಡಿದ ನಕ್ಷೆಯ ಹುಚ್ಚನ್ನು ಕೊನೆಯವರೆಗೂ ಬಿಡಲಿಲ್ಲ. ರಷ್ಯಾಕ್ಕೆ ದಂಡೆತ್ತಿ ಹೋದ ನೆಪೋಲಿಯನ್ನನ ಸೈನ್ಯ ಕರಗುತ್ತಾ ಬಂದದ್ದನ್ನು ತೆಳುವಾಗುತ್ತಾ ಹೋಗುವ ಪಟ್ಟಿಯಲ್ಲಿ ತೋರಿಸಿದ ಅವನ 1869ರ ಚಿತ್ರ ಇಂದು ದತ್ತಾಂಶ ಚಿತ್ರಣ ಕಲಿಯುವವರೆಲ್ಲರ ಮೊದಲ ಪಾಠ. ನನಗೆ ಹತ್ತಿರವಾದದ್ದು ಅದಕ್ಕಿಂತ ಮೊದಲು ಅವನು ಬರೆದ, ಯುರೋಪಿಗೆ ಬಂದ ಹತ್ತಿಯ ನಕ್ಷೆ. 1858, 1864 ಮತ್ತು 1865ರ ಭೂಪಟಗಳು ಅಕ್ಕಪಕ್ಕ. 1858ರಲ್ಲಿ ಅಮೆರಿಕದಿಂದ ಇಂಗ್ಲೆಂಡಿಗೆ ಅಟ್ಲಾಂಟಿಕ್ ತುಂಬುವಷ್ಟು ದಪ್ಪನೆಯ ನೀಲಿ ಪಟ್ಟಿ. ಭಾರತದಿಂದ ಆಫ್ರಿಕಾ ಸುತ್ತಿಕೊಂಡು ಹೋಗುವ ಪಟ್ಟಿ ಅದರ ಮುಂದೆ ಕಿರಿದು. 1864ರ ಹೊತ್ತಿಗೆ ಲೋಕ ತಲೆಕೆಳಗಾಗಿದೆ. ಅಮೆರಿಕದಲ್ಲಿ ಯುದ್ಧ, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ. ನೀಲಿ ಪಟ್ಟಿ ಎಳೆಯಷ್ಟಾಗಿದೆ, ಭಾರತದ ಪಟ್ಟಿ ಉಬ್ಬಿದೆ. ಗಾಳಿಯನ್ನು ಎಣಿಸಿದ್ದ ಮೋರಿ ಆ ಯುದ್ಧದಲ್ಲಿ ವಾಷಿಂಗ್ಟನ್ ಬಿಟ್ಟು, ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದವರ ಪಕ್ಷ ಸೇರಿದ ಎಂಬುದನ್ನೂ ಇಲ್ಲಿ ನೆನೆಯಬೇಕು.

ಮಿನಾರ್‌ನದು ಒಂದು ವಿಚಿತ್ರ ಧೈರ್ಯ. ಪಟ್ಟಿ ದಪ್ಪವಾಗಿ ಜಲಸಂಧಿಯಲ್ಲಿ ಹಿಡಿಸದೆ ಹೋದರೆ ಅವನು ಜಲಸಂಧಿಯನ್ನೇ ಹಿಗ್ಗಿಸುತ್ತಿದ್ದ, ಕರಾವಳಿಯನ್ನು ಅತ್ತ ಸರಿಸುತ್ತಿದ್ದ. ಅಂಕಿಗೆ ಜಾಗ ಮಾಡಿಕೊಡಲು ಭೂಮಿ ಬಾಗಬೇಕಿತ್ತು. ಅದನ್ನು ಅವನು ಮುಚ್ಚಿಡಲಿಲ್ಲ, ಇದು ಸರಿಸುಮಾರಿನ ನಕ್ಷೆ ಎಂದು ಶೀರ್ಷಿಕೆಯಲ್ಲೇ ಬರೆದುಕೊಂಡ.

ಆ ಉಬ್ಬಿದ ಪಟ್ಟಿಯೊಳಗೆ ನಮ್ಮ ಹತ್ತಿಯೂ ಇದೆ. ಧಾರವಾಡದ ಎರೆಹೊಲಗಳ ಜವಾರಿ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ಅದಕ್ಕೆ ಮಾರುಕಟ್ಟೆಯಲ್ಲಿ 'ಕುಮಟಾ' ಎಂದೇ ಹೆಸರು. ಕುಮಟೆಯಲ್ಲಿ ಒಂದು ಹತ್ತಿಗಿಡವೂ ಬೆಳೆಯುತ್ತಿರಲಿಲ್ಲ, ಬೆಳೆದ ಹೊಲದ ಹೆಸರು ಅಳಿದು ಹಡಗು ಹತ್ತಿದ ಊರಿನ ಹೆಸರು ಉಳಿಯಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ತೋಟಗಾರರನ್ನೂ ಬೀಜವನ್ನೂ ತರಿಸಿ ನಡೆಸಿದ ಪ್ರಯೋಗದಿಂದ 'ಧಾರವಾಡ ಅಮೆರಿಕನ್' ಎಂಬ ತಳಿಯೂ ಬಂದಿತ್ತು. ಹೇರೆತ್ತು ಮತ್ತು ಗಾಡಿಗಳ ಮೇಲೆ ಘಟ್ಟ ಇಳಿದು ಬಂದ ಅರಳೆ ಕುಮಟೆಯ ದಡದಲ್ಲಿ ಪತ್ತೇಮಾರಿ, ಮಚ್ವೆಗಳನ್ನು ಏರಿ ಮುಂಬಯಿಗೆ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು.

ಅಜ್ಜನ ಪ್ರಶ್ನೆ ನನ್ನ ಸಂಶೋಧನೆಯ ನಡುವಿಗೇ ಬಂದು ತಗುಲಿದ್ದು ಇಲ್ಲಿ. ಕುಮಟೆಯದು ಬಯಲು ಬಂದರು, ಮಳೆಗಾಲದ ಅಲೆಗೆ ಅಡ್ಡವಿಲ್ಲ. ಕಾರವಾರದ ಕೊಲ್ಲಿಗೆ ಗುಡ್ಡ ಮತ್ತು ದ್ವೀಪಗಳ ಆಸರೆಯಿದೆ, ಮಳೆಗಾಲದಲ್ಲೂ ಹಡಗು ನಿಲ್ಲಬಹುದು ಎಂಬ ಲೆಕ್ಕಾಚಾರವಿತ್ತು. ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಬಾಯಿಬಿಡುತ್ತಿದ್ದ ಆ ಹೊತ್ತಿನಲ್ಲಿ ಮುಂಬಯಿ ಮತ್ತು ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಕಾರವಾರದ ಮೇಲೆ ಬಿದ್ದದ್ದು ಹೀಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಘಟ್ಟ ಕಡಿದು ಗಾಡಿ ರಸ್ತೆ ಮಾಡಿದರು. ನಮ್ಮ ಜಿಲ್ಲೆ ನೂರು ವರ್ಷ ಮಂಗಳೂರಿನ ಕಡೆ ನೋಡದೆ ಮುಂಬಯಿಯ ಕಡೆ ನೋಡಿದ್ದರ ಹಿಂದೆ ಮಳೆಗಾಲದ ಆ ಕೆಲವು ತಿಂಗಳುಗಳೂ ಇವೆ. ನನ್ನ ನಕ್ಷೆ ಅಳಿಸಿಹಾಕಿದ್ದು ಆ ತಿಂಗಳುಗಳನ್ನೇ. ಚುಕ್ಕೆಗಳು ಆಷಾಢದಲ್ಲೂ ಕುಮಟೆಯಿಂದ ಸಲೀಸಾಗಿ ಹೊರಡುವುದಾದರೆ ಕಾರವಾರದ ಕಥೆ ಏಕೆ ಬೇಕಿತ್ತು?

ಪಟ್ಟಿ ಉಬ್ಬಿದಷ್ಟೇ ಬೇಗ ಇಳಿಯಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿತ್ತು, ಮುಂಬಯಿಯ ಷೇರು ಪೇಟೆ ನೆಲಕಚ್ಚಿತು. ಕಾರವಾರಕ್ಕೆ ಬರಬೇಕಿದ್ದ ರೈಲು ಬರಲಿಲ್ಲ. 1888ರಲ್ಲಿ ಗೋವಾದ ಮರ್ಮಗೋವಾ ಬಂದರಿಗೆ ಕ್ಯಾಸಲ್‌ರಾಕ್ ಮೇಲೆ ಹಳಿ ಬಿದ್ದ ನಂತರ ಬಯಲುಸೀಮೆಯ ಹತ್ತಿ ಆ ದಾರಿ ಹಿಡಿಯಿತು. ನಡುವೆ 1876–78ರ ಮಹಾ ಬರ ಧಾರವಾಡ, ಬಿಜಾಪುರದ ಸೀಮೆಯನ್ನು ಸುಟ್ಟುಹಾಕಿತು. ಹತ್ತಿಯ ಸುಗ್ಗಿಗೂ ಆ ಬರಕ್ಕೂ ನೇರ ಗೆರೆ ಎಳೆಯುವ ಅವಸರ ನನಗಿಲ್ಲ, ಅದು ಬೇರೆಯೇ ಅಧ್ಯಾಯ. ಆದರೆ ಟನ್ನುಗಳ ಪಟ್ಟಿಯಲ್ಲಿ ಜೋಳದ ಹೊಲ ಕಾಣುವುದಿಲ್ಲ, ಕಡಿದ ಘಟ್ಟವೂ ಕಾಣುವುದಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಬಗ್ಗೆ ನಾವು ಇಂದಿಗೂ ಕಾಡನ್ನು ಮುಂದಿಟ್ಟು ವಾದಿಸುತ್ತಿರುವಾಗ, ನೂರೈವತ್ತು ವರ್ಷದ ಹಿಂದಿನ ಆ ವಾದದ ಬಾಲವನ್ನೇ ಹಿಡಿದಿದ್ದೇವೆ.

*

ಇಪ್ಪತ್ತನೇ ಶತಮಾನದ ಕೊನೆಗೆ ಕಲಾವಿದರು ಹಡಗಿನತ್ತ ತಿರುಗಿದರು. ಅಮೆರಿಕದ ಛಾಯಾಗ್ರಾಹಕ ಅಲನ್ ಸೆಕ್ಯೂಲಾ ಬಂದರುಗಳನ್ನು ವರ್ಷಗಟ್ಟಲೆ ಸುತ್ತಿ 1995ರಲ್ಲಿ 'ಫಿಶ್ ಸ್ಟೋರಿ' ಎಂಬ ಪುಸ್ತಕ ತಂದ. ಎಲ್ಲವೂ ಕ್ಷಣದಲ್ಲಿ ತಲುಪುತ್ತದೆ ಎಂಬ ಭ್ರಮೆಯ ಕಾಲದಲ್ಲಿ, ಸರಕು ಇಂದಿಗೂ ನೀರಿನ ಮೇಲೆ ನಿಧಾನವಾಗಿ, ಜನರ ದುಡಿಮೆಯಿಂದಲೇ ಚಲಿಸುತ್ತದೆ ಎಂಬುದು ಅವನ ಒಟ್ಟು ಮಾತು. ಆಮೇಲೆ ಸರಕು ಹಡಗುಗಳಲ್ಲೇ ಕಲಾವಿದರ ರೆಸಿಡೆನ್ಸಿಗಳು ಶುರುವಾದವು. ಕೆನಡಾದ ವ್ಯಾಂಕೂವರಿನ ಆಕ್ಸೆಸ್ ಗ್ಯಾಲರಿ ಕಲಾವಿದರನ್ನು ಕಂಟೇನರ್ ಹಡಗಿನಲ್ಲಿ ಪೆಸಿಫಿಕ್ ದಾಟಿಸಿ ಶಾಂಘೈಗೆ ಕಳಿಸುತ್ತಿತ್ತು. ಯೋಜನೆಯ ಹೆಸರೇ 'ಸಮುದ್ರದಲ್ಲಿ ಇಪ್ಪತ್ತಮೂರು ದಿನ' ಎಂದು. 2016ರಲ್ಲಿ ಹಾಗೆ ಹೊರಟ ಬ್ರಿಟಿಷ್ ಕಲಾವಿದೆ ರೆಬೆಕ್ಕಾ ಮಾಸ್ 'ಹಾಂಜಿನ್ ಜಿನೀವಾ' ಹಡಗಿನಲ್ಲಿದ್ದಾಗ, ಆಗಸ್ಟ್ 31ರಂದು ಹಡಗಿನ ದಕ್ಷಿಣ ಕೊರಿಯಾದ ಕಂಪನಿಯೇ ದಿವಾಳಿಯ ಅರ್ಜಿ ಹಾಕಿತು. ಬಂದರು ಶುಲ್ಕ ಯಾರು ಕೊಡುತ್ತಾರೆಂದು ತಿಳಿಯದೆ ಬಂದರುಗಳು ಬಾಗಿಲು ಹಾಕಿದವು. ಹಡಗು ಜಪಾನಿನ ಕರಾವಳಿಯಾಚೆ ನಿಂತಿತು. ಹಾಸ್ಯ ಮತ್ತು ಅಸಂಬದ್ಧತೆಯನ್ನೇ ತನ್ನ ಕಲೆಯ ವಸ್ತು ಮಾಡಿಕೊಂಡಿದ್ದ ಆಕೆ ಅಂಥದೇ ಸ್ಥಿತಿಯೊಳಗೆ ಸಿಕ್ಕಿಬಿದ್ದು, ಕೊನೆಗೆ ಟೋಕಿಯೊದಲ್ಲಿ ಇಳಿದಳು. ಅವಳು ಇಳಿದು ಹೋಗಬಹುದಿತ್ತು, ನಾವಿಕರ ಪಾಡು ಅದಲ್ಲ.

ಅದೇ 2016ರಲ್ಲಿ ಕಿಲ್ನ್ ಎಂಬ ತಂಡ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರೊಂದಿಗೆ ಸೇರಿ 'ಶಿಪ್‌ಮ್ಯಾಪ್' ಎಂಬ ಚಲಿಸುವ ನಕ್ಷೆ ಹೊರತಂದಿತು. 2012ರ ಇಡೀ ವರ್ಷ ಜಗತ್ತಿನ ವಾಣಿಜ್ಯ ಹಡಗುಗಳು ಓಡಾಡಿದ ಚಿತ್ರ. ಭೂಪಟವನ್ನು ತೆಗೆದರೂ ಹಡಗಿನ ಜಾಡುಗಳಿಂದಲೇ ಖಂಡಗಳ ಅಂಚು ಮೂಡಿ ನಿಲ್ಲುತ್ತದೆ. ಅವು ಉಗುಳುವ ಇಂಗಾಲದ ಡೈಆಕ್ಸೈಡಿನ ಲೆಕ್ಕ ಮೇಲೆ ಓಡುತ್ತಿರುತ್ತದೆ. ಈ ಬಗೆಯ ನಕ್ಷೆಗಳ ಬೆನ್ನೆಲುಬು ಎಐಎಸ್ ಎಂಬ ಸಂಕೇತ ವ್ಯವಸ್ಥೆ. ಅಂತರರಾಷ್ಟ್ರೀಯ ಯಾನದ 300 ಟನ್ನಿಗೆ ಮೇಲ್ಪಟ್ಟ ಹಡಗುಗಳಿಗೆ ಅದು ಕಡ್ಡಾಯ. ಅದಕ್ಕಿಂತ ಚಿಕ್ಕವು ಆ ಲೋಕದಲ್ಲಿ ಇದ್ದೂ ಇಲ್ಲದ ಹಾಗೆ.

ಆ ಚಿಕ್ಕವುಗಳ ಹಿಂದೆ ಹೋದದ್ದು ಮುಂಬಯಿಯ 'ಕ್ಯಾಂಪ್' ತಂಡ. ಶೈನಾ ಆನಂದ್, ಅಶೋಕ್ ಸುಕುಮಾರನ್ ಮೊದಲಾದವರದು. ಶಾರ್ಜಾದ ಬಂದರಿನಿಂದ ಸೊಮಾಲಿಯಾಕ್ಕೆ ಮರದ ಹಡಗುಗಳು ಏನೇನು ಹೊತ್ತು ಹೋದವು ಎಂಬ ದಾಖಲೆಯನ್ನೇ ಅವರು 2009ರಲ್ಲಿ 'ವಾರ್ಫೇಜ್' ಎಂಬ ಪುಸ್ತಕವಾಗಿ ಇಟ್ಟರು. ಜೊತೆಗೆ ಬಂದರಿನಲ್ಲೇ ನಾವಿಕರ ಮಾತು, ಹಾಡುಗಳ ರೇಡಿಯೊ ನಡೆಸಿದರು. 2013ರ 'ಫ್ರಂ ಗಲ್ಫ್ ಟು ಗಲ್ಫ್ ಟು ಗಲ್ಫ್' ಚಿತ್ರದಲ್ಲಿ ಕಚ್ಛ್ ಮತ್ತಿತರ ಕಡೆಯ ನಾವಿಕರು ತಮ್ಮ ಮೊಬೈಲಿನಲ್ಲಿ ತೆಗೆದ ತುಣುಕುಗಳೇ ಹೇರಳ. ಎಣಿಸಲ್ಪಡುವವರ ಕೈಯಲ್ಲೇ ಕ್ಯಾಮೆರಾ. ಅಟ್ಟದ ಮೇಲೆ ಅಡುಗೆ, ಹಿಡಿದ ಮೀನು, ದೂರದಲ್ಲಿ ಇನ್ನೊಂದು ಹಡಗು ಹೊತ್ತಿ ಉರಿಯುವುದು, ಎಲ್ಲದರ ಹಿಂದೆ ಅವರಿಗೆ ಬೇಕಾದ ಹಾಡು. ಅಲ್ಲಿ ತಿಂಗಳು ಯಾವುದೆಂದು ಯಾರೂ ಕೇಳಬೇಕಾಗಿಲ್ಲ, ಸಮುದ್ರದ ಮುಖ ನೋಡಿದರೆ ತಿಳಿಯುತ್ತದೆ.

ಚುಕ್ಕೆಗಳು ನಿಂತಾಗ ಏನಾಗುತ್ತದೆ ಎಂಬುದಕ್ಕೂ ಒಂದು ದಾಖಲೆಯಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ತಗ್ಗಿತು. ನೀರಿನೊಳಗಿನ ಸದ್ದು 6 ಡೆಸಿಬೆಲ್ ಇಳಿಯಿತು. ಅದೇ ದಿನಗಳಲ್ಲಿ ಬೇರೆ ಕೆಲಸಕ್ಕೆಂದು ರೈಟ್ ತಿಮಿಂಗಿಲಗಳ ಸಗಣಿ ಸಂಗ್ರಹಿಸುತ್ತಿದ್ದ ಸಂಶೋಧಕರಿಗೆ ಆಮೇಲೆ ಹೋಲಿಸಿ ನೋಡಿದಾಗ, ಅವುಗಳ ಮೈಯಲ್ಲಿ ಒತ್ತಡದ ಹಾರ್ಮೋನು ಕಡಿಮೆಯಾಗಿದ್ದದ್ದು ಕಂಡಿತು. 2012ರಲ್ಲಿ ಪ್ರಕಟವಾದ ಅಧ್ಯಯನ ಇದು. ಹಡಗುಗಳು ಓಡದಿದ್ದ ಖಾಲಿ ದಿನಗಳು ಇರದಿದ್ದರೆ ಓಡುವ ದಿನಗಳ ಬೆಲೆ ನಮಗೆ ತಿಳಿಯುತ್ತಲೇ ಇರಲಿಲ್ಲ.

ಇದೆಲ್ಲ ಕಲೆಯ ಕೋಣೆಯ ಮಾತು ಎಂದುಕೊಳ್ಳುವ ಹಾಗಿಲ್ಲ. 2025ರ ಮೇ 25ರಂದು ಕೊಚ್ಚಿಯ ಆಚೆ 'ಎಂಎಸ್‌ಸಿ ಎಲ್ಸಾ 3' ಮುಳುಗಿದಾಗ ಅದರಲ್ಲಿ 600ಕ್ಕೂ ಹೆಚ್ಚು ಕಂಟೇನರುಗಳಿದ್ದವು. ಕೇರಳದ ದಂಡೆಗೆ ಪ್ಲಾಸ್ಟಿಕ್ಕಿನ ಬಿಳಿ ಕಾಳುಗಳು ರಾಶಿ ರಾಶಿ ಬಂದವು. ಜನ ಮೊದಲು ಕೇಳಿದ್ದು ಒಂದು ಪಟ್ಟಿಯನ್ನು: ಯಾವ ಡಬ್ಬದಲ್ಲಿ ಏನಿತ್ತು? ಹಡಗಿನ ದತ್ತಾಂಶ ಮೀನುಗಾರನ ಅನ್ನದ ಪ್ರಶ್ನೆಯಾಗುವುದು ಹೀಗೆ. ನಾವು ಕೂತಿದ್ದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ಅದರ ದಡದ ತದಡಿಯಲ್ಲಿ ದೊಡ್ಡ ಬಂದರಿನ ಮಾತು ಹಲವು ಸಲ ಎದ್ದು ಕೂತಿದೆ. ನಾಳೆ ಯಾರಾದರೂ ಟನ್ನುಗಳ ಪಟ್ಟಿ ಎಳೆದು ತೋರಿಸಿದರೆ, ಆ ಬಟ್ಟೆಯ ಮೇಲೆ ಹೊಲಿದ ಬಳಚಿನ ಬುಟ್ಟಿಗಳನ್ನೂ ಅದರ ಪಕ್ಕ ಹಾಸಬೇಕಾಗುತ್ತದೆ.

*

ರೆಸಿಡೆನ್ಸಿ ಮುಗಿಯುವ ಮೊದಲು ನಕ್ಷೆ ತಿದ್ದಿದೆ. ಪ್ರತಿ ವರ್ಷದ ತಿಂಗಳ ಅಂಕಿ ನನ್ನಲ್ಲಿಲ್ಲ, ಊಹಿಸಿ ತುಂಬಲು ಇನ್ನೊಮ್ಮೆ ಧೈರ್ಯ ಬರಲಿಲ್ಲ. ಕುಮಟೆಯ ಮಳೆಗಾಲವನ್ನು ಖಾಲಿ ಬಿಟ್ಟೆ. ಕೊನೆಯ ಸಂಜೆ ತೋರಿಸಿದಾಗ ಪ್ರತಿ ವರ್ಷವೂ ಅಷ್ಟು ಹೊತ್ತು ಗೋಡೆಯ ಮೇಲೆ ಬರೀ ಕರಾವಳಿಯ ಗೆರೆ. ಕೂತವರು ಕೆಮ್ಮಿದರು, ಒಬ್ಬರು ಪ್ರೊಜೆಕ್ಟರ್ ಕೆಟ್ಟಿತೇ ಎಂದು ಎದ್ದು ನೋಡಿದರು. ಅಜ್ಜ ಮಾತ್ರ ಪೂರ್ತಿ ನೋಡಿ, "ಹುಣ್ಣಿಮೆಯ ಮರುದಿನವೇ ಇಷ್ಟೊಂದು ಹೋಗೂದಿಲ್ಲ ತಂಗಿ. ಮೊದಲು ಒಂದೆರಡು ಹೋಗಿ ನೋಡ್ತವೆ" ಎಂದರು. ಅದನ್ನು ನನ್ನ ನಕ್ಷೆಯಲ್ಲಿ ಹೇಗೆ ತೋರಿಸಬೇಕೋ ಇನ್ನೂ ತಿಳಿದಿಲ್ಲ.

ಊರಿಗೆ ಬಂದು ಟಿಪ್ಪಣಿಗಳನ್ನು ತೆಗೆದರೆ, ಮಳೆಗಾಲದಲ್ಲಿ ಇಲ್ಲಿನ ಬಂದರು ಮುಚ್ಚುವ ಸಂಗತಿ ಹಳೆಯ ಗೆಜೆಟಿಯರಿನಿಂದ ನಾನೇ ಬರೆದುಕೊಂಡಿದ್ದೆ. ಕೆಳಗಿನ ಕೋಷ್ಟಕಕ್ಕೆ ಹೋಗುವ ಅವಸರದಲ್ಲಿ ದಾಟಿಹೋಗಿದ್ದೆ. ಈಗ ಆ ಅಧ್ಯಾಯವನ್ನು ಮಳೆಗಾಲದಿಂದ ಶುರು ಮಾಡಿದ್ದೇನೆ. ಅಜ್ಜನ ಮಾತು ಬರುವ ಕಡೆ ನನ್ನ ಗೈಡ್ ಪೆನ್ಸಿಲಿನಲ್ಲಿ "ಆಧಾರ?" ಎಂದು ಬರೆದು ಕಳಿಸಿದ್ದಾರೆ. ಅಡಿಟಿಪ್ಪಣಿಯಲ್ಲಿ ಗೆಜೆಟಿಯರನ್ನು ಎರಡನೆಯದಾಗಿ ಹಾಕಿದೆ. ಮೊದಲನೆಯದಾಗಿ, ಹಾಯಿ ಮಚ್ವೆಯ ನಿವೃತ್ತ ತಾಂಡೇಲರು, ಅವರ ಮನೆಯ ಜಗಲಿ, ಡಿಸೆಂಬರ್ ಎಂದು ಬರೆದಿದ್ದೇನೆ.